ಯಲ್ವಾಳಿಗೆ ಬಂದ ಮೂರು ಗಂಡು

ಯಲ್ವಾ ಯಾರನ್ನು ಮದುವೆಯಾಗಬೇಕಿತ್ತು ಎಂದು ಕಾನೊ ಪಟ್ಟಣದ ನಮ್ಮ ಓಣಿಯಲ್ಲಿ ಯಾವ ಹೆಂಗಸನ್ನು ಕೇಳಿದರೂ, ಒಲೆಯ ಮೇಲಿನ ಸಾರು ಉಕ್ಕಿಹೋದರೂ ಚಿಂತೆಯಿಲ್ಲವೆಂದು ಕೂತು ಹೇಳುತ್ತಾಳೆ. ನನ್ನ ಮಗಳು ಯಾರನ್ನು ಮದುವೆಯಾಗಬೇಕಿತ್ತು ಎಂದು ಕೇಳಿದರೆ ಮಾತ್ರ ಎಲ್ಲರೂ ನೆಲ ನೋಡುತ್ತಾರೆ. ಎರಡೂ ಪ್ರಶ್ನೆಗೆ ಉತ್ತರ ಕೊಟ್ಟವಳು ನಾನೇ, ಒಂದೇ ಉಸಿರಿನಲ್ಲಿ. ಅದೂ ನಗುನಗುತ್ತಾ, ಬಾಯಿತುಂಬ ಹುರಿದ ಕಡಲೆಕಾಯಿ ಹಾಕಿಕೊಂಡು.

ಯಲ್ವಾ ಪುಸ್ತಕದ ಹುಡುಗಿ. ಮುನ್ನೂರು ವರ್ಷದ ಹಿಂದೆ, ಕೋಟೆಯ ಮಣ್ಣುಗೋಡೆ ಇನ್ನೂ ಕರಗದಿದ್ದ ಕಾಲದಲ್ಲಿ, ಇದೇ ಊರಿನ ಸುಂಕದ ಅಧಿಕಾರಿಯ ಒಬ್ಬಳೇ ಮಗಳು. ಅವಳಿಗೆ ಮೂರು ಗಂಡು ಬಂದಿದ್ದವು. ಒಬ್ಬ ದೊರೆಯ ಕುದುರೆ ದಳಪತಿ. ಕೆಂಪು ರುಮಾಲು, ಬೆಳ್ಳಿ ಹಿಡಿಯ ಚಾವಟಿ. ಅವನು ಬೀದಿಯಲ್ಲಿ ಹೋದರೆ ಹೆಂಗಸರು ಗೋಡೆಯ ಸಂದಿಗೆ ಕಣ್ಣಿಡುತ್ತಿದ್ದರು. ಇನ್ನೊಬ್ಬ ದಕ್ಷಿಣದ ಕಾಡಿನಿಂದ ನೂರು ಕತ್ತೆಗಳ ಮೇಲೆ, ಮದುವೆಗಳಲ್ಲಿ ತಾಂಬೂಲದಂತೆ ಹಂಚುವ ಕೋಲಾ ಕಾಯಿ ಹೇರಿಕೊಂಡು ಬರುವ ವ್ಯಾಪಾರಿ. ಮೂರನೆಯವನು ನೀಲಿ ಬಣ್ಣ ತುಂಬಿದ ನೆಲದ ಗುಂಡಿಗಳಲ್ಲಿ ಬಟ್ಟೆ ಅದ್ದುವ ಬಣ್ಣಗಾರ. ಮೊಣಕೈವರೆಗೂ ನೀಲಿ, ಮಾತು ಕಡಿಮೆ. ಪುಸ್ತಕ ಭಾಗ ಭಾಗವಾಗಿ ಅಚ್ಚಾಗುತ್ತಿತ್ತು, ಒಂದೊಂದು ಭಾಗ ಬೆರಳಿನಷ್ಟೂ ದಪ್ಪವಿಲ್ಲ. ಸರಿಯಾಗಿ ಎದೆ ಹೊಡೆದುಕೊಳ್ಳುವ ಜಾಗದಲ್ಲಿ ನಿಲ್ಲಿಸಿ, ಮುಂದಿನದಕ್ಕೆ ಮೂರು ತಿಂಗಳು ಕಾಯಿಸುವುದು ಬರೆದವಳ ಕಸುಬು.

ನಮಗೆ ಹೊರಗೆ ಹೋಗುವ ರೂಢಿಯಿಲ್ಲ. ಮದುವೆಯಾದ ಮೇಲೆ ಹೊಸ್ತಿಲ ಒಳಗೇ ನಮ್ಮ ಲೋಕ. ಹಾಗಾಗಿ ಮಧ್ಯಾಹ್ನದ ನಮಾಜು ಮುಗಿದು ಪಾತ್ರೆ ತೊಳೆದ ಮೇಲೆ ನಮ್ಮ ಅಂಗಳದ ಬೇವಿನ ಮರದ ಕೆಳಗೆ ಚಾಪೆ ಬೀಳುತ್ತಿತ್ತು. ನಾನು, ನನ್ನ ಸವತಿ ಲಂತಾನ, ಹಿಂದಿನ ಮನೆಯಿಂದ ಹಿತ್ತಲ ಬಾಗಿಲಲ್ಲೇ ಬರುವ ಡೆಲು ಅತ್ತೆ, ಇನ್ನೂ ಮೂರು ನಾಲ್ಕು ಜನ. ನಮ್ಮಲ್ಲಿ ಯಾರಿಗೂ ಆ ಅಕ್ಷರ ಓದಲು ಬಾರದು. ಕುರಾನಿನ ಅಕ್ಷರ ಬಲ್ಲೆವು, ಶಾಲೆಯ ಅಕ್ಷರ ಬಾರದು. ಓದುತ್ತಿದ್ದವಳು ನನ್ನ ಹಿರಿಯ ಮಗಳು.

ಅವಳ ಹೆಸರು ನಾನು ಹೇಳುವುದಿಲ್ಲ. ಹೇಳಬಾರದು. ಗಂಡನ ಹೆಸರು ಹೇಳಬಾರದು ಎನ್ನುವುದು ಎಷ್ಟೋ ಕಡೆ ಇದೆಯಂತೆ. ನಮ್ಮಲ್ಲಿ ಚೊಚ್ಚಲ ಮಗುವಿನ ಹೆಸರನ್ನೂ ತಾಯಿ ಬಾಯಲ್ಲಿ ತರಬಾರದು. ನಾಲ್ಕು ಜನರ ಎದುರು ಎತ್ತಿಕೊಳ್ಳಬಾರದು, ಅತ್ತರೆ ಓಡಿಹೋಗಬಾರದು, ಮುಖಕ್ಕೆ ಮುಖ ಕೊಟ್ಟು ಮಾತಾಡಬಾರದು. ಮಾಡಿದವಳನ್ನು ನಾಚಿಕೆಗೆಟ್ಟವಳು ಎನ್ನುತ್ತಾರೆ. ಹಾಲು ಬಿಡಿಸಿದ ದಿನವೇ ಅವಳನ್ನು ನಮ್ಮತ್ತೆ ಎರಡು ಓಣಿಯಾಚೆಯ ತಮ್ಮ ಮನೆಗೆ ಕರೆದುಕೊಂಡು ಹೋದರು. ಅದೂ ಪದ್ಧತಿಯೇ. ಅವಳಾದ ಮೇಲೆ ಐದು ಹೆತ್ತೆ, ಐದನ್ನೂ ಮುದ್ದಾಡಿದೆ, ಬೈದೆ, ಹೆಸರು ಹಿಡಿದು ಕೂಗಿದೆ. ಇವಳು ಮಾತ್ರ ನನ್ನನ್ನು ಲಂತಾನಳ ಹಾಗೆಯೇ ‘ಅಕ್ಕ’ ಎಂದು ಕರೆಯುತ್ತಿದ್ದಳು, ನಾನು ಅವಳನ್ನು ‘ಏ ಹುಡುಗಿ’ ಎನ್ನುತ್ತಿದ್ದೆ. ಹದಿನೆಂಟು ವರ್ಷ ಹೀಗೆಯೇ ನಡೆಯಿತು. ನಾನು ಪದ್ಧತಿಯಲ್ಲಿ ಗಟ್ಟಿ ಎಂದು ಓಣಿಯಲ್ಲಿ ಹೆಸರು ಪಡೆದವಳು.

ಶಾಲೆ ಮುಗಿಸಿದ ಮೇಲೆ ಅವಳು ಪುಸ್ತಕ ಓದಲು ದಿನಾ ಬರತೊಡಗಿದಳು. ಆಗಲೇ ನನಗೆ ಅವಳ ದನಿ ಸರಿಯಾಗಿ ಕೇಳಿಸಿದ್ದು. ಕಥೆಯ ಬಗ್ಗೆ ಮಾತಾಡಬಹುದಿತ್ತು, ಕಥೆಗೆ ಯಾವ ನಾಚಿಕೆ? ದಳಪತಿ ಬಂದರೆ ಅವಳ ಗಂಟಲು ದಪ್ಪಗಾಗುತ್ತಿತ್ತು, ವ್ಯಾಪಾರಿ ಬಂದರೆ ಮೂಗಿನಲ್ಲಿ ಮಾತಾಡುತ್ತಿದ್ದಳು. ನಾವು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು.

“ನಂಗಂತೂ ದಳಪತೀನೇ ಸೈ,” ಎನ್ನುತ್ತಿದ್ದಳು ಲಂತಾನ. “ಆ ಕುದುರೆ ಮೇಲೆ ಕೂತ್ಕೊಳ್ಳೋದೇ ನೋಡು.”

“ನೀನೆಲ್ಲೇ ನೋಡ್ದೆ?” ಎಂದೆ.

“ಕೇಳಿದ್ರೆ ಕಾಣಲ್ವಾ ಅಕ್ಕ? ನಿಂಗೆ ಕಾಣಲ್ಲ ಅಂದ್ರೆ ವಯಸ್ಸಾಯ್ತು ಅಂತ.”

ಡೆಲು ಅತ್ತೆ ವ್ಯಾಪಾರಿಯ ಪಕ್ಷ. “ಕುದುರೆಗೆ ಹುಲ್ಲು ಹಾಕ್ಬೇಕು, ಕೋಲಾ ಕಾಯಿ ತಾನೇ ಅನ್ನ ಹಾಕುತ್ತೆ. ಆ ಬಣ್ಣದವನ್ನ ಕಟ್ಕೊಂಡ್ರೆ ಹುಟ್ಟೋ ಮಕ್ಳೂ ನೀಲಿ.”

ಬಣ್ಣಗಾರನ ಪರವಾಗಿ ಯಾರೂ ಮಾತಾಡುತ್ತಿರಲಿಲ್ಲ. ಅವನ ಪುಟ ಬಂದಾಗ ನನ್ನ ಮಗಳು ಯಾವ ದನಿಯನ್ನೂ ಹಾಕುತ್ತಿರಲಿಲ್ಲ, ತನ್ನ ದನಿಯಲ್ಲೇ ಓದುತ್ತಿದ್ದಳು. ಇದು ಈಗ ಹೊಳೆಯುತ್ತದೆ.

ಆ ಕಥೆಯಲ್ಲಿ ಯಲ್ವಾಳ ತಾಯಿಯೂ ಬರುತ್ತಿದ್ದಳು. ಒಳ್ಳೆಯ ಹೆಂಗಸು. ಸಂಜೆ ಹೊತ್ತು ಮಗಳನ್ನು ಮಂಡಿಗಳ ನಡುವೆ ಕೂರಿಸಿಕೊಂಡು ಜಡೆ ಹೆಣೆಯುತ್ತಿದ್ದಳು, ಸಜ್ಜೆಯ ಉಂಡೆಯನ್ನು ಮಜ್ಜಿಗೆಯಲ್ಲಿ ಕಿವುಚಿ ತಾನೇ ಕುಡಿಸುತ್ತಿದ್ದಳು, ಎಲ್ಲರೆದುರು ‘ಯಲ್ವಾ, ನನ್ನ ಯಲ್ವಾ’ ಎಂದು ಕರೆಯುತ್ತಿದ್ದಳು. ಆ ಪುಟಗಳು ಬಂದಾಗ ನಾನು ಕೈಯಲ್ಲಿದ್ದ ಕಡಲೆಕಾಯಿ ಸುಲಿಯುವುದನ್ನು ನಿಲ್ಲಿಸುತ್ತಿದ್ದೆ. ದಳಪತಿಗಿಂತ ಅವಳೇ ನನಗೆ ಇಷ್ಟವಾಗಿದ್ದಳು. ಆದರೆ ಬಾಯಿ ಬಿಟ್ಟು ಹೇಳಿದ್ದು ಬೇರೆ. “ಒಬ್ಬಳೇ ಮಗಳು, ಅಂದ್ರೆ ಚೊಚ್ಚಲು ತಾನೇ,” ಎಂದೆ ಒಂದು ದಿನ. “ಈ ತಾಯಿಗೆ ಒಂಚೂರೂ ನಾಚ್ಕೆ ಇಲ್ವಲ್ಲ. ಯಾವ ಮನೆತನದೋಳೋ ಏನೋ.” ಎಲ್ಲರೂ ನಕ್ಕರು. ಮಗಳು ಬೆರಳಿನಿಂದ ಸಾಲು ಹುಡುಕಿಕೊಂಡು ಮುಂದೆ ಓದಿದಳು.

ಎರಡನೇ ಭಾಗ ಓದುತ್ತಿದ್ದಾಗಲೇ ನಮ್ಮತ್ತೆಯ ಮನೆಗೂ ಗಂಡುಗಳು ಬರತೊಡಗಿದ್ದವು. ಅಲ್ಲಿಯೂ ಮೂವರು ಎಂದು ಲಂತಾನ ಸುದ್ದಿ ತಂದಳು. ನಾನು ಎದ್ದು ಅಡುಗೆಮನೆಗೆ ಹೋದೆ. ಚೊಚ್ಚಲ ಮಗಳ ಮದುವೆಯ ಮಾತಿಗೆ ತಾಯಿ ಕಿವಿ ಕೊಡಬಾರದು. ಲಂತಾನ ಬಿಡಲಿಲ್ಲ, ಬಾಗಿಲವರೆಗೂ ಹಿಂದೆ ಬಂದಳು.

“ಒಂದು ಮಾತು ಕೇಳಕ್ಕ. ಹಬ್ಬದ ದಿನ ಅರಮನೆ ಮುಂದೆ ಕುದುರೆ ಓಡಿಸ್ತಾನಲ್ಲ, ಫುಂಟುವಾದ ಲಾರಿ ಯಜಮಾನ, ಅವನಂತೆ ಒಬ್ಬ. ಇಬ್ರು ಹೆಂಡ್ರು ಇದಾರೆ. ಇನ್ನೊಬ್ಬ ಯಾರೋ ಮೇಷ್ಟ್ರು, ಅವನು ಎರಡು ಸಲ ಬಂದು ಆಮೇಲೆ ಬರೋದೇ ಬಿಟ್ಟ. ಮೂರನೆಯವನು ಮಸೀದಿ ಪಕ್ಕ ಟೋಪಿ ಒಗೀತಾನಲ್ಲ...”

“ಒಲೆ ಹೊಗೆ ಆಡ್ತಿದೆ, ಆಚೆ ಹೋಗು.”

“ಅವನು ಬಂದ್ರೇನೇ ಅವಳು ನಗೋದಂತೆ ಅಕ್ಕ.”

ನಾನು ಸೌದೆಯನ್ನು ಒಳಕ್ಕೆ ತಳ್ಳಿ ಊದುಗೊಳವೆ ಊದಿದೆ. ಟೋಪಿ ಒಗೆಯುವುದು ನಮ್ಮ ಊರಿನಲ್ಲಿ ಸಣ್ಣ ಕಸುಬೇನಲ್ಲ. ಕಸೂತಿ ಟೋಪಿಯನ್ನು ಒಗೆದು, ಗಂಜಿ ಹಾಕಿ, ಮರದ ಅಚ್ಚಿಗೆ ಏರಿಸಿ ನೆಟ್ಟಗೆ ಒಣಗಿಸಲು ಕೈ ನಿಧಾನವಿರಬೇಕು, ಮನಸ್ಸೂ ನಿಧಾನವಿರಬೇಕು. ಇದೂ ನನಗೆ ಗೊತ್ತಿತ್ತು. ಗೊತ್ತಿಲ್ಲದವಳಂತೆ ಕೂತಿದ್ದೆ. ಅದಕ್ಕೂ ನಮ್ಮಲ್ಲಿ ಮರ್ಯಾದೆ ಎನ್ನುತ್ತಾರೆ.

ನಮ್ಮ ಯಜಮಾನರು ಕೆಟ್ಟವರಲ್ಲ. ಲಾರಿಯವನ ಕಡೆ ಅವರಿಗೆ ಮನಸ್ಸಿತ್ತು, ಆದರೆ ಹುಡುಗಿ ಬೇಡವೆಂದರೆ ಬಲವಂತ ಮಾಡುವವರಲ್ಲ. ಅವಳ ಅಜ್ಜಿ, ಅಂದರೆ ನಮ್ಮತ್ತೆಯ ಮೂಲಕ ಅವಳನ್ನು ಕೇಳಿಸುವುದೆಂದು ತೀರ್ಮಾನವಾಗಿತ್ತು. ಕೇಳಿದಾಗ ಹುಡುಗಿ ಸುಮ್ಮನಿದ್ದರೆ ಒಪ್ಪಿಗೆ, ಬೇಡವಿದ್ದರೆ ಬಾಯಿ ಬಿಟ್ಟು ಹೇಳಬೇಕು. ಬಾಯಿ ಬಿಡಲು ಹುಡುಗಿಗೆ ಯಾರಾದರೂ ಒತ್ತಾಸೆ ಬೇಕು.

ಕೇಳುವ ದಿನದ ಹಿಂದಿನ ಮಧ್ಯಾಹ್ನ ಅವಳು ಎರಡನೇ ಭಾಗದ ಕೊನೆ ಓದಿದಳು. ಆವತ್ತು ಸೆಕೆ ಬಹಳವಿತ್ತು. ಲಂತಾನ ಬೀಸಣಿಗೆ ಬೀಸುತ್ತಿದ್ದಳು, ನನ್ನ ಮಡಿಲಲ್ಲಿ ಕಡಲೆಕಾಯಿಯ ಮೊರ. ದಳಪತಿ ಯಲ್ವಾಳ ಮನೆ ಬಾಗಿಲಿಗೆ ಕುದುರೆ ಕಟ್ಟಿ ಹೋದ, ತಂದೆ ನಾಳೆ ಉತ್ತರ ಹೇಳುತ್ತೇನೆಂದ. ಆಮೇಲೆ ಮಗಳು ಓದಿದ್ದನ್ನು ನಾನು ಒಂದಕ್ಷರ ಮರೆತಿಲ್ಲ.

“ಯಲ್ವಾ ತಾಯಿಯ ಕಾಲ ಬಳಿ ಕೂತಳು. ‘ಅಮ್ಮಾ, ಅಪ್ಪ ನಾಳೆ ಕೇಳಿಸುತ್ತಾನೆ. ದಳಪತಿಯ ಹೆಸರಿಗೆ ನಾನು ಸುಮ್ಮನಿದ್ದರೆ ಮದುವೆಯಾಗಿ ಹೋಗುತ್ತದೆ. ನನಗೆ ಅವನನ್ನು ಕಂಡರೆ ಭಯ. ಬಣ್ಣಗಾರನ ಹತ್ತಿರ ಭಯವಿಲ್ಲ. ನೀನು ಬೇಡವೆಂದು ಒಂದು ಮಾತು ಹೇಳು, ಸಾಕು. ನನಗೆ ಬಾಯಿ ಬರುತ್ತದೆ’ ಎಂದಳು.”

ಅಮ್ಮಾ ಎನ್ನುವಾಗ ಅವಳ ದನಿ ಒಡೆಯಿತು. ಎಷ್ಟು ಚೆನ್ನಾಗಿ ಓದುತ್ತಾಳೆ ಎಂದುಕೊಂಡೆ. ಪುಸ್ತಕವನ್ನು ಬೆರಳಿಟ್ಟು ಮುಚ್ಚಿ ಅವಳು ತಲೆಯೆತ್ತಿದಳು. ನನ್ನ ಮುಖವನ್ನೇ ನೋಡಿದಳು. ಹಾಗೆ ಎಂದೂ ನೋಡಿದವಳಲ್ಲ.

“ಇಲ್ಲಿಗೆ ಈ ಭಾಗ ಮುಗೀತು. ಆ ತಾಯಿ ಏನು ಹೇಳ್ಬೇಕು ಅಕ್ಕ?”

ಎಲ್ಲರೂ ನನ್ನತ್ತ ತಿರುಗಿದರು. ಕಥೆಯ ನ್ಯಾಯ ಹೇಳುವುದರಲ್ಲಿ ನಾನೇ ಮುಂದು. ಬಾಯಿತುಂಬ ಕಡಲೆಕಾಯಿ ಇತ್ತು, ಅಗಿದು ನುಂಗುವವರೆಗೂ ಅವಳು ಕಾದಳು.

“ತಾಯಿ ಬಾಯಿ ಮುಚ್ಕೊಂಡಿರ್ಬೇಕು,” ಎಂದೆ. “ದಳಪತೀನೇ ಕಟ್ಕೊಳ್ಳಿ ಬಿಡು. ಈಗ್ಲೇ ಆ ಬಣ್ಣದವನ ಕೈ ಹಿಡಿದ್ರೆ ಮೂರನೇ ಭಾಗದಲ್ಲಿ ಏನಿರುತ್ತೆ, ಬಟ್ಟೆ ಅದ್ದೋದು, ಒಣಗ್ಸೋದಾ? ಒಂದಷ್ಟು ದಿನ ಅಳಲಿ ಹುಡುಗಿ. ಅವಳು ಅತ್ರೇನೇ ಕಥೆಗೆ ರುಚಿ.”

ಡೆಲು ಅತ್ತೆ ನಕ್ಕು ನಕ್ಕು ಕೆಮ್ಮು ಹತ್ತಿಸಿಕೊಂಡಳು. ಲಂತಾನ ನಗಲಿಲ್ಲ, ಬೀಸಣಿಗೆ ನಿಂತಿತ್ತು. ಮಗಳು “ಹ್ಞೂ” ಎಂದಳು. ಪುಸ್ತಕವನ್ನು ಸೆರಗಿನಲ್ಲಿ ಸುತ್ತಿಕೊಂಡು ಚಪ್ಪಲಿ ಮೆಟ್ಟಿ ಹೊರಟಳು.

ಮಾರನೆಯ ದಿನ ಅಜ್ಜಿ ಕೇಳಿದಾಗ ಸುಮ್ಮನಿದ್ದಳಂತೆ. ಗಂಡಸರು ಮಸೀದಿಯಲ್ಲಿ ಕೋಲಾ ಕಾಯಿ ಹಂಚಿ ನಿಕಾಹ್ ಮುಗಿಸಿದರು. ಮದುವೆಯ ಮೂರು ದಿನವೂ ನಾನು ಪದ್ಧತಿಯಂತೆ ನನ್ನ ಕೋಣೆ ಬಿಟ್ಟು ಬರಲಿಲ್ಲ. ಮದರಂಗಿ ಹಚ್ಚಿದ ಅವಳ ಕೈಯನ್ನೂ ನಾನು ನೋಡಲಿಲ್ಲ.

ಮೂರನೇ ಭಾಗ ಈ ಸಲ ತಡವಾಗಿ, ಐದು ತಿಂಗಳ ಮೇಲೆ ಅಚ್ಚಾಗಿ ಬಂತು. ಓದುವವರಿಲ್ಲದೆ ಒದ್ದಾಡುತ್ತಿದ್ದೆವು. ಅಷ್ಟರಲ್ಲಿ ಡೆಲು ಅತ್ತೆಯ ಮನೆಗೆ ಜಾರಿಯಾ ಪಟ್ಟಣದಿಂದ ಹೊಸ ಸೊಸೆ ಬಂದಳು, ರಾಬಿ. ಶಾಲೆ ಕಲಿತವಳು. ಹಳೆಯದೆಲ್ಲ ಮರೆತುಹೋಗಿದೆ, ಮೊದಲಿನಿಂದ ಓದು ಎಂದು, ನಮ್ಮತ್ತೆಯ ಮನೆಯಲ್ಲಿ ಉಳಿದಿದ್ದದ್ದನ್ನೂ ತರಿಸಿ ಮೂರೂ ಭಾಗವನ್ನು ಅವಳ ಮುಂದಿಟ್ಟೆವು. ರಾಬಿ ಗಂಟಲು ಸರಿಮಾಡಿಕೊಂಡು ಮೊದಲ ಭಾಗದ ಮೊದಲ ಪುಟ ಓದಿದಳು.

“ಯಲ್ವಾ ಹುಟ್ಟಿದ ರಾತ್ರಿಯೇ ಅವಳ ತಾಯಿ ತೀರಿಕೊಂಡಳು. ತಾಯಿಯ ಮುಖ ಹೇಗಿತ್ತೆಂದು ಹೇಳುವವರೂ ಆ ಮನೆಯಲ್ಲಿ ಇರಲಿಲ್ಲ.”

“ತಪ್ಪು ಓದ್ಬೇಡ,” ಎಂದೆ. “ತಾಯಿ ಇದಾಳೆ.”

ರಾಬಿ ಮತ್ತೆ ನೋಡಿದಳು. “ಇಲ್ಲ ದೊಡ್ಡಮ್ಮ, ಸತ್ಲು ಅಂತಾನೇ ಇದೆ.”

“ಜಡೆ ಹೆಣೀತಾಳೆ. ಮಜ್ಜಿಗೆ ಕುಡಿಸ್ತಾಳೆ. ಮುಂದೆ ಬರುತ್ತೆ, ಓದು.”

ರಾಬಿ ಓದಿದಳು. ದಳಪತಿ ಬಂದ, ವ್ಯಾಪಾರಿ ಬಂದ, ಬಣ್ಣಗಾರ ಬಂದ. ಜಡೆ ಹೆಣೆಯುವ ಪುಟ ಬರಲಿಲ್ಲ. ಎರಡು ಮಧ್ಯಾಹ್ನ ಓದಿ ಎರಡನೇ ಭಾಗದ ಕೊನೆ ಮುಟ್ಟಿದಳು. ದಳಪತಿ ಕುದುರೆ ಕಟ್ಟಿ ಹೋದ, ತಂದೆ ನಾಳೆ ಉತ್ತರ ಹೇಳುತ್ತೇನೆಂದ. ಅಲ್ಲಿಗೆ ಮುಗಿಯಿತು. ಪುಟ ಕಿತ್ತುಹೋಗಿದೆಯೇ ಎಂದು ಲಂತಾನ ಪುಸ್ತಕ ಇಸಿದುಕೊಂಡು ಹೊಲಿಗೆ ನೋಡಿದಳು. ಒಂದು ಹಾಳೆಯೂ ಹೋಗಿರಲಿಲ್ಲ.

ಮೂರನೇ ಭಾಗವನ್ನು ಓದಿಸದೆ ನಾನು ಕೋಣೆಯೊಳಗೆ ಎತ್ತಿಟ್ಟೆ. ಕೊನೆಗೆ ಡೆಲು ಅತ್ತೆ, “ಹುಡುಗ್ರು ಓದೋವಾಗ ಏನೋ ಒಂದೆರಡು ಮಾತು ಸೇರಿಸ್ತಾವೆ ಬಿಡು ಹನ್ಸೈ,” ಎಂದು ನನ್ನ ಹೆಸರು ಹಿಡಿದು ಸಮಾಧಾನ ಹೇಳಿದಳು.

ಒಂದೆರಡು ಮಾತಲ್ಲ. ಗಂಡುಗಳ ಸುಳಿವೂ ಇಲ್ಲದಿದ್ದ ಕಾಲದಿಂದ, ಮೊದಲ ದಿನದ ಮೊದಲ ಪುಟದಿಂದ, ಅವಳು ಸತ್ತ ತಾಯಿಯನ್ನು ಬದುಕಿಸಿಟ್ಟುಕೊಂಡಿದ್ದಳು. ಅವಳಿಂದ ಜಡೆ ಹಾಕಿಸಿಕೊಂಡಿದ್ದಳು, ಮಜ್ಜಿಗೆ ಕುಡಿದಿದ್ದಳು, ಹೆಸರು ಹಿಡಿದು ಕರೆಸಿಕೊಂಡಿದ್ದಳು. ನಾನು ಎದುರಿಗೇ ಕೂತು ಆ ತಾಯಿಗೆ ನಾಚಿಕೆ ಇಲ್ಲವೆಂದೆ. ಕಡೆಗೆ ನನ್ನನ್ನೇ ನೇರವಾಗಿ ಕೇಳಿದಾಗ, ಅಳಲಿ ಎಂದೆ. ಆ ರಾತ್ರಿ ನಾನು ನನ್ನ ಕೆನ್ನೆಗೆ ನಾನೇ ಹೊಡೆದುಕೊಂಡೆ. ಅದರಿಂದ ಏನು ಬಂತು? ಫುಂಟುವಾಗೆ ಹೋಗೋಣವೆಂದರೆ ಚೊಚ್ಚಲ ಮಗಳ ಗಂಡನ ಮನೆಗೆ ತಾಯಿ ಕಾಲಿಡುವಂತಿಲ್ಲ. ಹೇಳಿ ಕಳಿಸೋಣವೆಂದರೆ ಯಾರ ಬಾಯಲ್ಲಿ ಏನೆಂದು ಹೇಳಲಿ?

ಬಸುರಿಗೆ ಏಳು ತಿಂಗಳಾದಾಗ ಮಗಳು ಬಾಣಂತನಕ್ಕೆ ಅಜ್ಜಿಯ ಮನೆಗೆ ಬಂದಳು. ಒಂದು ಮಧ್ಯಾಹ್ನ ನಮ್ಮ ಅಂಗಳಕ್ಕೂ ಬಂದು ಚಾಪೆಯ ತುದಿಯಲ್ಲಿ ಕೂತಳು. ಹೊಟ್ಟೆ ಮುಂದಕ್ಕೆ ಬಂದಿತ್ತು, ಉಳಿದದ್ದೆಲ್ಲ ಇಳಿದುಹೋಗಿತ್ತು. ಎಡಗೈ ಮೊಣಕೈಯಿಂದ ಮುಂದಕ್ಕೆ ನೆಟ್ಟಗಾಗುತ್ತಿರಲಿಲ್ಲ.

“ಏನಾಯ್ತೇ ಕೈಗೆ?” ಲಂತಾನ ಕೇಳಿದಳು.

“ಬಾವಿ ಹತ್ರ ಜಾರಿದೆ.”

“ಅವರ ಮನೇಲಿ ನಲ್ಲಿ ಇದೆ ಅಂದಿದ್ರು.”

ಅವಳು ಸೆರಗನ್ನು ಎಡಗೈ ಮೇಲೆ ಎಳೆದುಕೊಂಡಳು. ಅವಳ ಕೈ ಹಿಡಿದುಕೊಳ್ಳಬೇಕೆನಿಸಿತು, ಓಣಿಯ ಹೆಂಗಸರೆಲ್ಲ ಕೂತಿದ್ದರು. ಕೂತಿದ್ದರೆ ಏನು ಎಂದು ಈಗ ಕೇಳಿಕೊಳ್ಳುತ್ತೇನೆ. ಆವತ್ತು ನನಗೆ ತೋಚಿದ್ದು ಒಂದೇ ದಾರಿ. ಎದ್ದು ಕೋಣೆಯಿಂದ ಮೂರನೇ ಭಾಗ ತಂದೆ. ಎದುರಿಗೆ ಕೂತು, ಮಡಿಲಲ್ಲಿ ತೆರೆದಿಟ್ಟು, ಸಾಲಿನ ಮೇಲೆ ಬೆರಳಿಟ್ಟು ಓದತೊಡಗಿದೆ.

“ಯಲ್ವಾಳ ತಾಯಿ ಬಂದಳು,” ಎಂದೆ. “ಬಂದು ಹೇಳಿದಳು, ‘ಮಗಳೇ, ಅವತ್ತು ನಾನು ಹೇಳಿದ್ದು ತಪ್ಪು. ನಾನು ಕಥೆ ಅಂದುಕೊಂಡೆ. ಹೆತ್ತ ಮೇಲೆ ನೀನು ಆ ಮನೆಗೆ ಹೋಗಬೇಡ. ನನ್ನ ಕೋಣೆಯಲ್ಲಿ ಇನ್ನೊಂದು ಹಾಸಿಗೆಗೆ ಜಾಗವಿದೆ. ಯಾರೇನಂದರೂ ನಾನು ಮಾತಾಡುತ್ತೇನೆ’ ಎಂದು.”

ರಾಬಿಗೆ ನಗು ಬಂತು, ನನಗೆ ಓದಲು ಬಾರದೆಂದು ಅವಳಿಗೆ ಗೊತ್ತು. ಡೆಲು ಅತ್ತೆ ಅವಳ ತೊಡೆ ಹಿಂಡಿದಳು. ಮಗಳು ಬಲಗೈ ಚಾಚಿ ನನ್ನ ಮಡಿಲಿನಿಂದ ಪುಸ್ತಕ ತೆಗೆದುಕೊಂಡಳು. ಸಿಟ್ಟಿರಲಿಲ್ಲ ಮುಖದಲ್ಲಿ. ಸಿಟ್ಟಿದ್ದಿದ್ದರೆ ಎಷ್ಟೋ ವಾಸಿಯಿತ್ತು.

“ಅಕ್ಕ, ಈ ಕಥೇಲಿ ತಾಯಿ ಇಲ್ಲ,” ಎಂದಳು. “ಮೊದಲ್ನೇ ಪುಟದಲ್ಲೇ ಸತ್ತಿದಾಳೆ.”

ಆಮೇಲೆ ಮೂರನೇ ಭಾಗವನ್ನು ಮೊದಲಿನಿಂದ ಕೊನೆಯವರೆಗೆ ಅವಳೇ ಓದಿ ಹೇಳಿದಳು. ಯಾವ ದನಿಯೂ ಹಾಕಲಿಲ್ಲ. ಅಚ್ಚಾದದ್ದಕ್ಕಿಂತ ಒಂದು ಮಾತು ಹೆಚ್ಚಿಲ್ಲ, ಒಂದು ಮಾತು ಕಡಿಮೆಯಿಲ್ಲ. ಯಲ್ವಾ ದಳಪತಿಯನ್ನೇ ಮದುವೆಯಾದಳು. ಅವನ ಮನೆಯಲ್ಲಿ ಎರಡು ವರ್ಷ ಅತ್ತಳು. ಅಷ್ಟರಲ್ಲಿ ಯುದ್ಧ ಬಂತು, ಕೋಟೆಯ ಬಾಗಿಲಲ್ಲಿ ದಳಪತಿ ಬಾಣ ತಗಲಿ ಸತ್ತ. ಬಣ್ಣಗಾರ ಅಷ್ಟು ದಿನವೂ ಬೇರೆ ಮದುವೆಯಾಗದೆ ಕಾದಿದ್ದ. ಕೊನೆಯ ಪುಟದಲ್ಲಿ ಅವನು ನೀಲಿ ಕೈಯಿಂದ ಅವಳ ಕೈ ಹಿಡಿದ. ಹೆಂಗಸರೆಲ್ಲ ಸೆರಗಿನಲ್ಲಿ ಕಣ್ಣು ಒರೆಸಿಕೊಂಡರು. ಚೆನ್ನಾಗಿ ಬರೆದಿದ್ದಾಳೆ ಎಂದಳು ಡೆಲು ಅತ್ತೆ.

ಮಗು ಹುಟ್ಟಿ ನಲವತ್ತು ದಿನಕ್ಕೆ ಲಾರಿ ಬಂತು, ಮಗಳು ಫುಂಟುವಾಗೆ ಹೋದಳು. ಟೋಪಿಯವನಿಗೆ ಹೋದ ವರ್ಷ ಮದುವೆಯಾಯಿತು. ಈ ಕಡೆ ಎಲ್ಲಿಯೂ ಯುದ್ಧವಿಲ್ಲ. ಅಳಿಯನ ಆರೋಗ್ಯ ಚೆನ್ನಾಗಿದೆ.